ಮಾಯದ ಗಾಯಕ್ಕೆ ಜೇನು, ರೇಷ್ಮೆ ಮತ್ತು ನಮ್ಮದೇ ರಕ್ತ



ಕಳೆದ ವರ್ಷ ಕಬ್ಬಿನ ಕ್ಷೇತ್ರೋತ್ಸವವೊಂದಕ್ಕೆ ಹಿರಿಯ ರೈತರೊಬ್ಬರು ಕುಂಟುತ್ತ ಬಂದರು. ಬರಿಗಾಲಿನಲ್ಲಿ ನೀರು ಕಟ್ಟುವಾಗ ಕೂಳೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದ ಕಾರಣ ನೋವೇ ತಿಳಿದಿರಲಿಲ್ಲ. ಸುಣ್ಣ, ಅರಿಸಿನ ಮೆತ್ತಿಕೊಂಡೇ ಒಂದೂವರೆ ತಿಂಗಳು ಕಳೆದಿದ್ದರು. ಅಲ್ಲಿಂದಲೇ ಅವರನ್ನು ಆಸ್ಪತ್ರೆಗೆ ಕಳುಹಿಸಿದೆವು. ಹೆಬ್ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೂ ಓದಿ, ವೈದ್ಯರನ್ನು ಕೇಳಿ ತಿಳಿದುದನ್ನು ತಮ್ಮ ಮುಂದಿಡುತ್ತಿದ್ದೇನೆ.

ಗಾಯ ಏಕೆ ಮಾಯುವುದಿಲ್ಲ?

ಹಳೆಯ ಕೀವುಗಾಯದಲ್ಲಿ ರೋಗಾಣುಗಳು ಸುತ್ತ ಲೋಳೆಯ ಪದರ ಕಟ್ಟಿಕೊಂಡು ಗುಂಪಾಗಿ ನೆಲೆಸುತ್ತವೆ. ಔಷಧಿ ಅದರೊಳಕ್ಕೆ ಸುಲಭವಾಗಿ ಇಳಿಯದು. ಸಕ್ಕರೆ ಕಾಯಿಲೆಯವರಲ್ಲಿ ಪಾದಕ್ಕೆ ರಕ್ತ ಸಂಚಾರವೂ ಕುಗ್ಗಿರಬಹುದು. ಕಳೆ ತೆಗೆಯದೆ ಗೊಬ್ಬರ ಹಾಕಿದರೆ ಏನಾಗುವುದೆಂದು ತಮಗೆ ಗೊತ್ತು. ಗಾಯಕ್ಕೂ ಅದೇ ಕ್ರಮ. ವೈದ್ಯರು ಮೊದಲು ಸತ್ತ ಮಾಂಸ ತೆಗೆದು, ಸೋಂಕನ್ನು ಹತೋಟಿಗೆ ತರಬೇಕು.

ಜೇನು ಮತ್ತು ರೇಷ್ಮೆ

ಜೇನಿನಲ್ಲಿ ಸುಮಾರು ಶೇ. 80 ಸಕ್ಕರೆಯಿದ್ದು, ಅದು ರೋಗಾಣುಗಳ ನೀರನ್ನು ಹೀರುತ್ತದೆ. ಅದರ ಆಮ್ಲ ಗುಣ ಹಾಗೂ ಅದರಲ್ಲಿ ಉತ್ಪತ್ತಿಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಸಹ ಅವುಗಳನ್ನು ಅಡಗಿಸುತ್ತವೆ. ಸೊಲ್ಲಾಪುರದ ಶಸ್ತ್ರವೈದ್ಯ ಡಾ. ಎಂ. ಸುಬ್ರಹ್ಮಣ್ಯಂ ಅವರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೇನು ಹಚ್ಚಿದ 52 ಸುಟ್ಟಗಾಯದ ರೋಗಿಗಳಲ್ಲಿ ಶೇ. 91ರಷ್ಟು ಗಾಯಗಳು 7 ದಿನಗಳಲ್ಲಿ ರೋಗಾಣುಮುಕ್ತವಾದವು. ಬೆಳ್ಳಿಯ ಮುಲಾಮು ಹಚ್ಚಿದ 52 ಮಂದಿಯಲ್ಲಿ ಇದು ಶೇ. 7 ಮಾತ್ರ. ನಮ್ಮ ರೇಷ್ಮೆ ಗೂಡಿನ ಫೈಬ್ರೋಯಿನ್ ಎಂಬ ಪ್ರೋಟೀನು ಮತ್ತು ಸಿಗಡಿ ಚಿಪ್ಪಿನಿಂದ ದೊರೆಯುವ ಕೈಟೋಸಾನ್‌ನಿಂದಲೂ ಗಾಯದ ಪಟ್ಟಿಗಳು ತಯಾರಾಗುತ್ತಿವೆ.

ರಕ್ತದಿಂದಲೇ ಔಷಧಿ

ರೋಗಿಯ ರಕ್ತವನ್ನು ಸ್ವಲ್ಪ ತೆಗೆದು, ಹಾಲಿನ ಕೆನೆ ಬೇರ್ಪಡಿಸುವಂತೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ಕಣಗಳು ಹೆಚ್ಚಾಗಿರುವ ಭಾಗ ಬೇರೆಯಾಗುತ್ತದೆ. ಹೊಸ ಮಾಂಸ ಹಾಗೂ ರಕ್ತನಾಳ ಬೆಳೆಯಲು ಬೇಕಾದ ಪ್ರಚೋದಕಗಳು ಈ ಕಣಗಳಲ್ಲಿವೆ. ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಯ ರಕ್ತದಿಂದಲೇ ಮಾಡಿದ ಇಂಥ ಪಟ್ಟಿಯಿಂದ ಸಕ್ಕರೆ ಕಾಯಿಲೆಯ ಪಾದದ ಹುಣ್ಣುಗಳು 20 ವಾರಗಳಲ್ಲಿ ಶೇ. 34 ಮಂದಿಗೆ ಮಾಯ್ದವು. ಸಾಮಾನ್ಯ ಆರೈಕೆಯಲ್ಲಿ ಶೇ. 22. ಅಂದರೆ ಇದು ಸಹಾಯಕವೇ ಹೊರತು ಪವಾಡವಲ್ಲ.

ಎರಡನ್ನೂ ಕೂಡಿಸಿದರೆ?

ಪ್ಲೇಟ್‌ಲೆಟ್‌ನ ಸಾರ ಗಾಯದಲ್ಲಿ ಬೇಗ ಕರಗಿಹೋಗುತ್ತದೆ. ಕೈಟೋಸಾನ್ ಅಥವಾ ರೇಷ್ಮೆಯ ಪದರದಲ್ಲಿ ಸೇರಿಸಿಟ್ಟರೆ, ಕಂತು ಕಂತಾಗಿ ಕೊಟ್ಟ ಮೇಲುಗೊಬ್ಬರದಂತೆ ನಿಧಾನವಾಗಿ ಒದಗುತ್ತದೆ. ಕೈಟೋಸಾನ್ ಸ್ವತಃ ರೋಗಾಣುಗಳನ್ನೂ ತಡೆಯುತ್ತದೆ. ಈ ಜೋಡಣೆಯ ಕೆಲಸ ಹೆಚ್ಚಾಗಿ ಇನ್ನೂ ಪ್ರಯೋಗದ ಹಂತದಲ್ಲಿದೆ.

ತಾವು ಮಾಡಬೇಕಾದದ್ದು

1. ಗಾಯವನ್ನು ಕೂಡಲೇ ಶುದ್ಧ ನೀರು, ಸಾಬೂನಿನಿಂದ ತೊಳೆದು ಸ್ವಚ್ಛ ಬಟ್ಟೆ ಕಟ್ಟಿರಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ.
2. ಸುಣ್ಣ, ಸಗಣಿ, ಬೂದಿ ಮೆತ್ತಬೇಡಿರಿ. ಹುಟ್ಟಿನಿಂದ ತೆಗೆದ ಹಸಿ ಜೇನನ್ನೂ ಹಚ್ಚಬೇಡಿರಿ. ಅದರಲ್ಲಿ ರೋಗಾಣುಗಳ ಬೀಜಕಗಳಿರಬಹುದು. ಆಸ್ಪತ್ರೆಯಲ್ಲಿ ಬಳಸುವುದು ಶುದ್ಧೀಕರಿಸಿದ ಜೇನು.
3. ಸಕ್ಕರೆ ಕಾಯಿಲೆ ಇರುವವರು ದಿನವೂ ರಾತ್ರಿ ಪಾದ ನೋಡಿಕೊಳ್ಳಿರಿ. ಗಾಯ ಕಂಡರೆ, ನೋವಿಲ್ಲದಿದ್ದರೂ, ತಡಮಾಡದೆ ವೈದ್ಯರಿಗೆ ತೋರಿಸಿರಿ.
4. ಕೀವು, ದುರ್ವಾಸನೆ, ಕಪ್ಪು ಬಣ್ಣ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ.

ಎತ್ತಿನ ಗೊರಸು ಸವೆಯದಿರಲೆಂದು ಲಾಳ ಕಟ್ಟಿಸುವ ನಾವು, ಕೂಳೆ ಹೊಲಕ್ಕೆ ಬರಿಗಾಲಿನಲ್ಲಿ ಇಳಿಯುತ್ತೇವೆ. ಈ ಹಂಗಾಮಿನ ಬೀಜ, ಗೊಬ್ಬರದ ಪಟ್ಟಿಯಲ್ಲಿ ಒಂದು ಜೊತೆ ಬೂಟನ್ನೂ ಬರೆದುಕೊಳ್ಳಿರಿ.