ಆನೆಗಳ ಕುಣಿತವನ್ನು ಕಂಡ ಹುಡುಗ

ಕಾಡಾನೆಗಳು ಬೆಳುದಿಂಗಳಿನ ರಾತ್ರಿ ಒಂದೆಡೆ ನೆರೆದು ಕುಣಿಯುತ್ತವೆಯೆ? ಕುಣಿಯುತ್ತವೆ, ಆದರೆ ಆ ಕುಣಿತವನ್ನು ಕಂಡ ಮನುಷ್ಯನಿಲ್ಲ ಎಂಬ ಮಾತಿನ ಸುತ್ತ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಒಂದು ಕಥೆ ಕಟ್ಟಿದನು. 1894ರಲ್ಲಿ ಪ್ರಕಟವಾದ ಅವನ 'ದಿ ಜಂಗಲ್ ಬುಕ್' ಪುಸ್ತಕದಲ್ಲಿ ಅದು ಇದೆ. ಮಾವುತನ ಮಗನಾದ ತೂಮಾಯಿ ಎಂಬ ಬಾಲಕನಿಗೆ ದೊಡ್ಡ ಬೇಟೆಗಾರನಾಗಬೇಕೆಂಬ ಆಸೆ. "ಆನೆಗಳು ಕುಣಿಯುವುದನ್ನು ನೋಡಿದ ದಿನ ನೀನು ಬೇಟೆಗಾರನಾಗುವೆ" ಎಂದು ಹಿರಿಯರು ಹಾಸ್ಯ ಮಾಡುತ್ತಾರೆ. ಎಂದೆಂದಿಗೂ ಆಗಲಾರೆ ಎಂಬುದೇ ಅದರ ಅರ್ಥ. ಆದರೆ ಒಂದು ರಾತ್ರಿ ಅವನ ಆನೆ ಕಾಲಾ ನಾಗ್ ಅವನನ್ನು ಬೆನ್ನ ಮೇಲೆ ಹೊತ್ತು ಕಾಡಿನ ನಡುವಿಗೆ ನಡೆಯುತ್ತದೆ. ಯಾರೂ ಕಾಣದ ರಹಸ್ಯವನ್ನು ಹುಡುಗ ಕಾಣುತ್ತಾನೆ.

ಕಿಪ್ಲಿಂಗ್ ಈ ಕಥೆಯನ್ನು ನಡೆಸಿದ್ದು ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳಲ್ಲಿ. ಆದರೆ ಅದು ಬ್ರಿಟಿಷ್ ಚಲಚ್ಚಿತ್ರವಾದಾಗ ನಡೆದದ್ದು ನಮ್ಮ ಹೆಗ್ಗಡದೇವನಕೋಟೆಯ ಕಾಡಿನಲ್ಲಿ, ಕಪಿಲೆಯ ದಡದಲ್ಲಿ. ಚಿತ್ರದ ಹೆಸರು 'ಎಲಿಫೆಂಟ್ ಬಾಯ್', ಎಂದರೆ ಆನೆಯ ಹುಡುಗ. ತೆರೆಗೆ ಬಂದದ್ದು 1937ರಲ್ಲಿ. ಈ ಚಿತ್ರವನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರ ಅಷ್ಟು ಸರಳವಲ್ಲ.

ನಿರ್ಮಾಪಕನ ಹೆಸರು ಅಲೆಕ್ಸಾಂಡರ್ ಕೋರ್ಡಾ. ಹಂಗೇರಿ ದೇಶದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿ 'ಲಂಡನ್ ಫಿಲ್ಮ್ಸ್' ಎಂಬ ಸಂಸ್ಥೆಯನ್ನು ಕಟ್ಟಿದವನು. ಭಾರಿ ಚಿತ್ರಗಳನ್ನು ತೆಗೆಯುವುದು ಅವನ ಹಂಬಲ. ಅವನು ಈ ಕೆಲಸಕ್ಕೆ ಆರಿಸಿದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಸ್ವಭಾವದಲ್ಲಿ ಅವನಿಗೆ ಪೂರ್ತಿ ವಿರುದ್ಧ. ಅಮೆರಿಕದವನಾದ ಫ್ಲಾಹರ್ಟಿ ಹಿಮಪ್ರದೇಶದ ಜನರ ಬಾಳನ್ನು ಕುರಿತ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರವನ್ನು 1922ರಲ್ಲಿಯೂ, ಐರ್ಲೆಂಡಿನ ಕಡಲ ಜನರನ್ನು ಕುರಿತ 'ಮ್ಯಾನ್ ಆಫ್ ಆರನ್' ಚಿತ್ರವನ್ನು 1934ರಲ್ಲಿಯೂ ಹೊರತಂದು ಹೆಸರಾಗಿದ್ದನು. ಕಥೆ ಬರೆದುಕೊಂಡು ಹೋಗಿ ಚಿತ್ರ ತೆಗೆಯುವ ರೂಢಿ ಅವನದಲ್ಲ. ಜನರ ನಡುವೆ ತಿಂಗಳುಗಟ್ಟಲೆ ಇದ್ದು, ಅವರು ಮಾಡುವುದನ್ನು ನೋಡಿ, ಅದರೊಳಗಿನಿಂದಲೇ ಕಥೆಯನ್ನು ಹುಡುಕುವುದು ಅವನ ಕ್ರಮ. ಸ್ಟುಡಿಯೋ ಕಟ್ಟುವವನೂ ಕಾಡು ಹುಡುಕುವವನೂ ಒಂದೇ ಬಂಡಿಗೆ ಹೂಡಿದ ಎತ್ತುಗಳಾದರು.

ಫ್ಲಾಹರ್ಟಿ 1935ರಲ್ಲಿ ಹೆಂಡತಿ ಫ್ರಾನ್ಸಿಸ್ ಮತ್ತು ತಮ್ಮ ಡೇವಿಡ್ ಅವರೊಡನೆ ಮೈಸೂರಿಗೆ ಬಂದನು. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರು ಮಿರ್ಜಾ ಇಸ್ಮಾಯಿಲರು. ಪ್ರಭುಗಳು ತಂಡಕ್ಕೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ಹುಣಸೂರಿನಿಂದ ಮೈಸೂರಿಗೆ ಬರುವಾಗ ಜಯಲಕ್ಷ್ಮೀಪುರದಲ್ಲಿ ರಸ್ತೆಯ ಬದಿಗೆ ಸಿಗುವ, ಇಂದು ಗ್ರೀನ್ ಹೋಟೆಲ್ ಎಂದು ಹೆಸರಾಗಿರುವ ಕಟ್ಟಡವೇ ಅದು. ಅದೇ 1935ರಲ್ಲಿ ಅದೇ ಊರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿ ಪ್ರಸಾರವನ್ನು ಆರಂಭಿಸಿದರೆಂಬುದನ್ನು ರೇಡಿಯೋ ಮನೆಗಳವರು ಇಲ್ಲಿ ನೆನೆಯಬಹುದು. ಒಂದು ಕಡೆ ಮೈಸೂರಿನ ದನಿ ಗಾಳಿಗೆ ಏರುತ್ತಿತ್ತು. ಇನ್ನೊಂದು ಕಡೆ ಮೈಸೂರಿನ ಕಾಡು ಫಿಲ್ಮಿನ ಸುರುಳಿಗೆ ಇಳಿಯುತ್ತಿತ್ತು.

ಇಷ್ಟು ದೂರ ಬಂದುದಕ್ಕೆ ಕಾರಣ ಕಾಕನಕೋಟೆಯ ಖೆಡ್ಡಾ. ಕಾಡಾನೆಗಳ ಹಿಂಡನ್ನು ನೂರಾರು ಜನ ಸುತ್ತುವರಿದು, ತಮಟೆ, ಕೊಂಬು, ಪಂಜು, ಬಂದೂಕುಗಳ ಸದ್ದು ಬೆಳಕಿನಿಂದ ಮೆಲ್ಲಮೆಲ್ಲನೆ ಓಡಿಸಿಕೊಂಡು ಬಂದು, ಹೊಳೆ ದಾಟಿಸಿ, ಬಲವಾದ ಮರದ ದಿಮ್ಮಿಗಳ ಆವರಣದೊಳಗೆ ಕೂಡುವ ಕ್ರಮವೇ ಖೆಡ್ಡಾ. ಒಳಗೆ ಸೇರಿದ ಮೇಲೆ ಪಳಗಿದ ಆನೆಗಳನ್ನು ಏರಿ ಮಾವುತರು ಹಿಂಡಿನ ನಡುವೆ ನುಗ್ಗುತ್ತಾರೆ. ಒಬ್ಬನು ನೆಲಕ್ಕೆ ಇಳಿದು, ಕಾಡಾನೆಯ ಹಿಂಗಾಲಿಗೆ ಹಗ್ಗ ಬಿಗಿಯುತ್ತಾನೆ. ಕ್ಷಣ ತಪ್ಪಿದರೆ ಪ್ರಾಣ ಹೋಗುವ ಕೆಲಸ. ಮೈಸೂರು ಸೀಮೆಯಲ್ಲಿ ಇದನ್ನು ನೆಲೆಗೊಳಿಸಿದವನು 1870ರ ದಶಕದಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ. ಅವನು ತನ್ನ ಪುಸ್ತಕದಲ್ಲಿ ಹೇಳುವಂತೆ, ಅದಕ್ಕೆ ಒಂದು ಶತಮಾನ ಮೊದಲು ಹೈದರಾಲಿಯ ಕಾಲದಲ್ಲಿ ಕಾಕನಕೋಟೆಯಲ್ಲಿ ಆನೆ ಹಿಡಿಯುವ ಪ್ರಯತ್ನ ನಡೆದು ವಿಫಲವಾಗಿತ್ತು. ಮುಂದೆ ಯತ್ನಿಸುವವರಿಗೆ ಶಾಪ ಹಾಕಿದ ಕಲ್ಲೊಂದನ್ನು ಅಲ್ಲಿ ನಿಲ್ಲಿಸಲಾಗಿತ್ತು. ಶಾಪದ ಕಲ್ಲಿನ ನೆರೆಯಲ್ಲೇ ಮುಂದೆ ಖೆಡ್ಡಾ ಜಗತ್ಪ್ರಸಿದ್ಧವಾಯಿತು.

ಕಾಡು ಸಿಕ್ಕಿತು, ಖೆಡ್ಡಾ ಸಿಕ್ಕಿತು. ತೂಮಾಯಿ ಸಿಗಬೇಕಾಗಿತ್ತು. ಮಾವುತರ ಮಕ್ಕಳಲ್ಲಿ ಹುಡುಕುತ್ತಿದ್ದಾಗ ಕಾರಾಪುರದ ಒಬ್ಬ ಹುಡುಗ ಕಣ್ಣಿಗೆ ಬಿದ್ದನು. ಅವನನ್ನು ಮೊದಲು ಗುರುತಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನಿಗೆ ಕೊಡುತ್ತಾರೆ. ಹುಡುಗನ ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ. ತಂದೆ ಮಾವುತ. ತಾಯಿ ತಂದೆಯರನ್ನು ಎಳವೆಯಲ್ಲೇ ಕಳೆದುಕೊಂಡು, ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದನು. ಹೊರದೇಶದವರು ಅವನನ್ನು ಸಾಬು ದಸ್ತಗೀರ್ ಎಂದು ಕರೆಯುವುದುಂಟು. ಅವನ ಬಾಳನ್ನು ಶೋಧಿಸಿದವರ ಅಭಿಪ್ರಾಯದಂತೆ ದಸ್ತಗೀರ್ ಎಂಬುದು ಅಣ್ಣನ ಹೆಸರು. ಇವನು ಶೇಖ್ ಸಾಬು. ಹೆಸರು ಏನೇ ಇರಲಿ, ಆನೆಯ ದಂತ ಹಿಡಿದು ಏರುವುದನ್ನಾಗಲಿ ಕಿವಿಯ ಹಿಂದೆ ಕಾಲಿಟ್ಟು ಕೂರುವುದನ್ನಾಗಲಿ ಅವನಿಗೆ ಯಾವ ನಿರ್ದೇಶಕನೂ ಕಲಿಸಬೇಕಾಗಿರಲಿಲ್ಲ. ಅಭಿನಯವೆಂದು ಲೋಕ ಮೆಚ್ಚಿದ್ದು ಅವನ ಮನೆಯ ಕಸುಬು.

ಕಾಲಾ ನಾಗ್ ಆದದ್ದು ಅರಮನೆಯ ಆನೆ ಐರಾವತ. ಚಿತ್ರದ ಪಾತ್ರವರ್ಗದಲ್ಲಿ ಆನೆಗೂ ಹೆಸರುಂಟು. ಆದರೆ ಹಿಂಡನ್ನು ಸುತ್ತುವರಿದವರು, ಹೊಳೆಯಲ್ಲಿ ಆನೆಗಳನ್ನು ತಿರುಗಿಸಿದವರು, ಕಾಲಿಗೆ ಹಗ್ಗ ಹಾಕಿದವರು, ಬೆಳಗಾಗುವ ಮೊದಲೇ ಆನೆಗಳಿಗೆ ಮೇವು ತಂದವರು—ಇವರ ಹೆಸರುಗಳಿಗೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ.

ಇತ್ತ ಚಿತ್ರಣ ಸಾಗುತ್ತಲೇ ಇತ್ತು. ಒಂದು ವರ್ಷ ಮೀರಿತು. ಸುಮಾರು ಮೂರು ಲಕ್ಷ ಅಡಿ ಫಿಲ್ಮು ಓಡಿತೆಂದು ಹೇಳುತ್ತಾರೆ. ಅದನ್ನು ಒಂದೇ ಸಮನೆ ತೋರಿಸಿದರೆ 55 ಗಂಟೆಯ ನೋಟ. ಲಂಡನ್ನಿನಲ್ಲಿ ಕೋರ್ಡಾನ ತಾಳ್ಮೆ ತೀರಿತು. ಕಾಡು ಚೆನ್ನಾಗಿದೆ, ಕಥೆ ಎಲ್ಲಿ ಎಂಬುದು ಅವನ ಪ್ರಶ್ನೆ. ತನ್ನ ತಮ್ಮ ಜೋಲ್ಟಾನ್ ಕೋರ್ಡಾನನ್ನು ಮೈಸೂರಿಗೆ ಅಟ್ಟಿದನು. 1936ರಲ್ಲಿ ತಂಡ ಇಂಗ್ಲೆಂಡಿಗೆ ಮರಳಿತು. ಸಾಬುವೂ ಅವನ ಅಣ್ಣನೂ ಜೊತೆಗೆ ಹಡಗು ಹತ್ತಿದರು. ಡೆನ್ಹಾಮ್ ಎಂಬಲ್ಲಿ ಕೋರ್ಡಾ ಹೊಸದಾಗಿ ಕಟ್ಟಿಸಿದ್ದ ಸ್ಟುಡಿಯೋದಲ್ಲಿ, ಉಳಿದ ಕಥೆಯನ್ನು ಜೋಲ್ಟಾನ್ ಚಿತ್ರಿಸಿದನು. ತೂಮಾಯಿಯ ತಂದೆಯಾಗಿ ಡಬ್ಲ್ಯು. ಇ. ಹಾಲೊವೇ, ಮಚುವಾ ಅಪ್ಪನಾಗಿ ಅಲನ್ ಜೇಸ್, ಪೀಟರ್ಸನ್ ಸಾಹೇಬನಾಗಿ ವಾಲ್ಟರ್ ಹಡ್ ನಟಿಸಿದರು. ಎಲ್ಲರೂ ಪರದೇಶದ ನಟರೇ. ಭಾರತೀಯ ಪಾತ್ರಗಳಿಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡವರು.

ಆದುದರಿಂದ ಸುಮಾರು 80 ನಿಮಿಷಗಳ ಈ ಚಿತ್ರದಲ್ಲಿ ಎರಡು ಚಿತ್ರಗಳಿವೆ. ಒಂದು ಕಾಕನಕೋಟೆಯದು, ಇನ್ನೊಂದು ಡೆನ್ಹಾಮಿನದು. ಗಮನವಿಟ್ಟು ನೋಡಿದರೆ ಹೊಲಿಗೆ ಕಾಣುತ್ತದೆ. ಆನೆ ಹೊಳೆಗೆ ಇಳಿದಾಗ, ಹುಡುಗ ಅದರ ಮೈ ತಿಕ್ಕುವಾಗ, ಹಿಂಡು ನೀರು ಸೀಳಿಕೊಂಡು ಬರುವಾಗ ಯಾರೂ ಮಾತಾಡುವುದಿಲ್ಲ. ಮಾತಿನ ಕೊರತೆಯೂ ತೋರುವುದಿಲ್ಲ. ಪಾಳೆಯದ ಬೆಂಕಿಯ ಸುತ್ತ ಕುಳಿತು ಜನ ಇಂಗ್ಲಿಷಿನಲ್ಲಿ ಸಂಭಾಷಣೆ ಆರಂಭಿಸಿದೊಡನೆ ಕಾಡು ಹಿಂದಕ್ಕೆ ಸರಿದು ಪರದೆಯಾಗುತ್ತದೆ. ಕಥೆಯ ತಿರುಳೂ ಪೀಟರ್ಸನ್ ಸಾಹೇಬನ ಕೈಗೆ ಹೋಗುತ್ತದೆ. ಕಾಡು ಬಲ್ಲ ಜನರಿಗೆ ಆನೆಗಳ ಜಾಡು ಸಿಗದೆ, ಸಾಹೇಬನ ಮೆಚ್ಚುಗೆಯಿಂದಲೇ ಎಲ್ಲವೂ ಕೊನೆಗಾಣುವುದು ಆ ಕಾಲದ ಆಳುವವರ ನೋಟ.

ಇನ್ನು ಆ ರಹಸ್ಯದ ಕುಣಿತ. ಕಾಡಾನೆಗಳು ಕ್ಯಾಮೆರಾದ ಮುಂದೆ ಬಂದು ಕುಣಿಯುವುದಿಲ್ಲವಷ್ಟೆ. ಇಂಥ ದೃಶ್ಯ ಹುಟ್ಟುವುದು ಸಂಕಲನದ ಮೇಜಿನ ಮೇಲೆ. ಎತ್ತಿದ ಒಂದು ಕಾಲು, ತೂಗುವ ಸೊಂಡಿಲು, ಕೊಂಬೆಗಳ ನೆರಳು, ಬೆರಗಾಗಿ ನೋಡುವ ಹುಡುಗನ ಮುಖ—ಇಂಥ ತುಣುಕುಗಳನ್ನು ಲಯವರಿತು ಜೋಡಿಸಿದರೆ, ಎಲ್ಲಿಯೂ ನಡೆಯದ ಕುಣಿತ ನಮ್ಮ ಕಣ್ಣಲ್ಲಿ ನಡೆಯುತ್ತದೆ. ರೇಡಿಯೋ ನಾಟಕದಲ್ಲಿ ಬಾಗಿಲ ಕಿರುಗುಟ್ಟು, ಹೆಜ್ಜೆಯ ಸಪ್ಪಳ, ಒಂದು ಗಳಿಗೆಯ ಮೌನ ಇಷ್ಟರಿಂದಲೇ ಕೇಳುವವನ ಮೈ ನವಿರೇಳುವಂತೆ ಮಾಡುವುದಿಲ್ಲವೆ? ವಿದ್ಯೆ ಎರಡಕ್ಕೂ ಒಂದೇ. ಚಿತ್ರದ ಸಂಕಲನಕಾರ ಚಾರ್ಲ್ಸ್ ಕ್ರೈಟನ್ ಆಗ ಇಪ್ಪತ್ತಾರರ ಆಸುಪಾಸಿನ ತರುಣ. ಮುಂದೆ ಅವನು ನಿರ್ದೇಶಕನಾಗಿ 1951ರಲ್ಲಿ 'ದಿ ಲ್ಯಾವೆಂಡರ್ ಹಿಲ್ ಮಾಬ್' ಎಂಬ ಕಳ್ಳತನದ ನಗೆಚಿತ್ರವನ್ನು ಮಾಡಿದನು. 1960ರ ದಶಕದಲ್ಲಿ 'ಡೇಂಜರ್ ಮ್ಯಾನ್', 'ದಿ ಅವೆಂಜರ್ಸ್' ಎಂಬ ಬ್ರಿಟಿಷ್ ದೂರದರ್ಶನದ ರೋಮಾಂಚಕ ಸರಣಿಗಳ ಕೆಲವು ಕಂತುಗಳನ್ನೂ ನಿರ್ದೇಶಿಸಿದನು. ಬೇಹುಗಾರರು, ಮುಚ್ಚಿದ ಬಾಗಿಲುಗಳು, ಬಿಡಿಸದ ಒಗಟುಗಳಿಂದ ಬ್ರಿಟನ್ನಿನ ಮನೆಮಂದಿಯನ್ನು ಪೆಟ್ಟಿಗೆಯ ಮುಂದೆ ಕೂರಿಸಿದ ಕೈ, ಅದಕ್ಕೆ ಮೂರು ದಶಕ ಮೊದಲು ಕಾಕನಕೋಟೆಯ ಆನೆಗಳನ್ನು ಜೋಡಿಸಿ ಪಳಗಿತ್ತು. ಏನನ್ನು ತೋರಿಸಬೇಕು, ಏನನ್ನು ಇನ್ನೊಂದು ಕ್ಷಣ ತಡೆಹಿಡಿಯಬೇಕು ಎಂಬ ಲೆಕ್ಕಾಚಾರ ಎರಡು ಕಡೆಯೂ ಅದೇ. ತೂಮಾಯಿಯ ಕಥೆಯೂ 1973ರಲ್ಲಿ ದೂರದರ್ಶನದ ಸರಣಿಯಾಯಿತು. ಆದರೆ ಅದರ ಚಿತ್ರಣ ನಡೆದದ್ದು ಶ್ರೀಲಂಕೆಯಲ್ಲಿ.

1937ರ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಇಬ್ಬರಿಗೂ ಸೇರಿ ಉತ್ತಮ ನಿರ್ದೇಶನದ ಪ್ರಶಸ್ತಿ ಬಂದಿತು. ಒಬ್ಬರ ದಾರಿ ಇನ್ನೊಬ್ಬರಿಗೆ ಸೇರದ ಇಬ್ಬರಿಗೆ ಒಂದೇ ಬಹುಮಾನ! ಫ್ರಾನ್ಸಿಸ್ ತನ್ನ ಮೈಸೂರಿನ ದಿನಗಳನ್ನು 'ಎಲಿಫೆಂಟ್ ಡ್ಯಾನ್ಸ್' ಎಂಬ ಪುಸ್ತಕದಲ್ಲಿ ಅದೇ ವರ್ಷ ಪ್ರಕಟಿಸಿದಳು.

ಸಾಬು ಕಾರಾಪುರದ ಬಾಳಿಗೆ ಮರಳಲಿಲ್ಲ. 1938ರಲ್ಲಿ 'ದಿ ಡ್ರಮ್', 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ ಮೌಗ್ಲಿಯಾಗಿ 'ಜಂಗಲ್ ಬುಕ್'—ಹೀಗೆ ಅವನ ಹೆಸರು ಲೋಕವೆಲ್ಲ ಹಬ್ಬಿತು. 1944ರಲ್ಲಿ ಅಮೆರಿಕದ ಪೌರನಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದನು. ಆದರೆ ಬೆಳೆದ ಗಂಡಸಿಗೆ ತಕ್ಕ ಪಾತ್ರಗಳನ್ನು ಹಾಲಿವುಡ್ಡು ಅವನಿಗಾಗಿ ಬರೆಯಲಿಲ್ಲ. ಅದಕ್ಕೆ ಬೇಕಾದದ್ದು ಆನೆಯ ಮೇಲಿನ ಹುಡುಗನೇ. ಭಾರತದ ಯಾವ ಚಿತ್ರದಲ್ಲಿಯೂ ಅವನು ನಟಿಸಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಇನ್ನೂ 39 ವರ್ಷ.

ಚಿತ್ರದ ಕಾಡೂ ಅಂದಿನಂತೆ ಉಳಿದಿಲ್ಲ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡು, ಕಪಿಲೆಯ ಇಕ್ಕೆಲದ ಹಳೆಯ ಕಾಡಿನ ದೊಡ್ಡ ಭಾಗ ನೀರಿನಡಿ ಸೇರಿತು. ಕಾರಾಪುರ ಇಂದು ಪ್ರವಾಸಿಗಳ ಊರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುಲ್ಲಿಗಾಗಿ ಆನೆಗಳ ಹಿಂಡುಗಳು ಅದೇ ಬಯಲಿಗೆ ಬರುತ್ತವೆ. ಖೆಡ್ಡಾದ ಹಗ್ಗವಿಲ್ಲದೆ, ತಮ್ಮಷ್ಟಕ್ಕೆ ತಾವೇ ಬರುತ್ತವೆ.

ಉಳಿದಿರುವುದು ಕಸುಬು. ಹೆಗ್ಗಡದೇವನಕೋಟೆಯ ಬಳ್ಳೆ, ಹುಣಸೂರಿನಿಂದ ಪಿರಿಯಾಪಟ್ಟಣದ ಅಂಚಿನವರೆಗಿನ ನಾಗರಹೊಳೆಯ ಆನೆಶಿಬಿರಗಳಲ್ಲಿ ಮಾವುತರು, ಕಾವಾಡಿಗಳು, ಅವರಲ್ಲಿ ಅನೇಕ ಜೇನುಕುರುಬ ಮನೆತನದವರು, ಅದೇ ವಿದ್ಯೆಯನ್ನು ಮಕ್ಕಳಿಗೆ ದಾಟಿಸುತ್ತಿದ್ದಾರೆ. ದಸರೆಯ ಮುನ್ನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ ಹುಣಸೂರಿನವರೂ ಕೃಷ್ಣರಾಜನಗರದವರೂ ಆನೆಗಳ ಹೆಸರು ಹಿಡಿದು ಕೂಗುತ್ತಾರೆ; ಮಾವುತನ ಹೆಸರು ಬಲ್ಲವರು ಕಡಿಮೆ. ಲಂಡನ್ನಿನ ಚಿತ್ರ ಮಾಡಿದ್ದೂ ಇದನ್ನೇ ಅಲ್ಲವೆ?

ಆದರೆ ಒಂದು ವ್ಯತ್ಯಾಸವಿದೆ. 1935ರ ಖೆಡ್ಡಾದಲ್ಲಿ ಹಗ್ಗ ಹಿಡಿದವರನ್ನು ಇಂದು ಕೇಳುವಂತಿಲ್ಲ. 1971ರಲ್ಲಿ ತರುಣರಾಗಿ ಆನೆಗಳ ಹಿಂದೆ ಓಡಿದವರಿಗೆ ಈಗ ಎಪ್ಪತ್ತು ದಾಟಿದೆ. ಅಂಥವರು ನಮ್ಮ ಹಾಡಿಗಳಲ್ಲಿ, ಊರುಗಳಲ್ಲಿ ಇರುವಷ್ಟು ಕಾಲ ಅವರ ಮಾತನ್ನು ಅವರದೇ ದನಿಯಲ್ಲಿ ಹಿಡಿದಿಡಬಹುದು. ಅದಕ್ಕೆ ಮೂರು ಲಕ್ಷ ಅಡಿ ಫಿಲ್ಮು ಬೇಕಿಲ್ಲ, ಡೆನ್ಹಾಮಿನ ಸ್ಟುಡಿಯೋ ಬೇಕಿಲ್ಲ. ಒಂದು ಧ್ವನಿಗ್ರಾಹಕ ಯಂತ್ರ ಮತ್ತು ಕೇಳುವ ವ್ಯವಧಾನ ಇದ್ದರೆ ಸಾಕು. ಆನೆಗಳು ಕುಣಿಯುತ್ತವೆಯೋ ಇಲ್ಲವೋ ಎಂಬುದನ್ನೂ ಬಹುಶಃ ಅವರೇ ಹೇಳಿಯಾರು.