ಗೋಡೆಗೆ ಕಿವಿ, ಬೀದಿಗೆ ಕಣ್ಣು

ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಟ್ಟಿಳಿದ ರಾಜ್ಯ ಕರ್ನಾಟಕ. ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಎಂದು ದೇಶದ ಅತ್ಯುನ್ನತ ನ್ಯಾಯಾಲಯದಿಂದ ಹೇಳಿಸಿದ ಅರ್ಜಿದಾರರೂ ಕರ್ನಾಟಕದವರೇ. ಮೊದಲನೆಯದು ನಡೆದದ್ದು 1988ರಲ್ಲಿ, ಎರಡನೆಯದು 2017ರಲ್ಲಿ. ನಡುವಿನ 29 ವರ್ಷಗಳಲ್ಲಿ ತಂತಿ ಹೋಗಿ ಅಲೆ ಬಂತು, ಟ್ರಂಕ್ ಕಾಲ್ ಹೋಗಿ ವಾಟ್ಸ್‌ಆ್ಯಪ್ ಬಂತು. ಆದರೆ ಪ್ರಶ್ನೆ ಮಾತ್ರ ಹಳೆಯದೇ: ಪ್ರಜೆಯ ಮಾತನ್ನು ಸರ್ಕಾರ ಯಾವಾಗ ಕೇಳಿಸಿಕೊಳ್ಳಬಹುದು? ಹಾಗೆ ಕೇಳಿಸಿಕೊಳ್ಳುವವರ ಮೇಲೆ ಕಣ್ಣಿಡುವವರು ಯಾರು?

ಇದು ದೆಹಲಿ, ಬೆಂಗಳೂರಿನ ದೊಡ್ಡವರ ಗೋಳು, ನಮಗೇನು ಎನ್ನುವವರಿದ್ದಾರೆ. ಹರಿಹರದಿಂದ ದಾವಣಗೆರೆಗೆ ಸುಮಾರು ಹದಿನಾಲ್ಕು ಕಿಲೋಮೀಟರ್. ಕಾಲೇಜಿಗೆ, ಆಸ್ಪತ್ರೆಗೆ, ಜವಳಿ ಅಂಗಡಿಗೆ ಎಂದು ದಿನವೂ ಸಾವಿರಾರು ಜನ ಹೋಗಿ ಬರುತ್ತಾರೆ. ಹಾಗೆ ಹೊರಟವರ ಜೇಬಿನಲ್ಲಿರುವ ಮೊಬೈಲ್ ಒಂದು ಗೋಪುರದಿಂದ ಇನ್ನೊಂದು ಗೋಪುರಕ್ಕೆ ದಾಟುವಾಗಲೆಲ್ಲ ಕಂಪನಿಯ ಕಂಪ್ಯೂಟರಿಗೆ ಸುಳಿವು ಸಿಗುತ್ತದೆ. ಬೆಣ್ಣೆದೋಸೆ ತಿಂದು ಫೋನಿನಲ್ಲೇ ಹಣ ಕೊಟ್ಟರೆ ಹೊತ್ತು, ಮೊತ್ತ, ಅಂಗಡಿಯ ಹೆಸರು ಬ್ಯಾಂಕಿನಲ್ಲಿ ದಾಖಲು. ವೃತ್ತದಲ್ಲಿ ನಿಂತರೆ ಕಂಬದ ಮೇಲೆ ಕ್ಯಾಮೆರಾ. ಆಸ್ಪತ್ರೆಯ ಚೀಟಿ ಮಾಡಿಸಲು ಹೋದರೆ ಆಧಾರ್ ಸಂಖ್ಯೆ. ಇವುಗಳಲ್ಲಿ ಯಾವುದೂ ಬಿಡಿಯಾಗಿ ಗುಟ್ಟಲ್ಲ. ಒಂದೆಡೆ ಜೋಡಿಸಿದರೆ ಮಾತ್ರ ಮನೆಯವರಿಗೂ ಗೊತ್ತಿಲ್ಲದ ದಿನಚರಿ ಸಿದ್ಧವಾಗುತ್ತದೆ.

ತಂತಿಯ ಕಾಲದ ಕದ್ದಾಲಿಕೆ

ಗೂಢಚಾರಿಕೆ ಆಳುವವರಿಗೆ ಹೊಸದಲ್ಲ. ಸನ್ಯಾಸಿ, ವರ್ತಕ, ರೈತರ ವೇಷದ ಚಾರರನ್ನು ನಾಡೆಲ್ಲ ಬಿಡುವ ಕ್ರಮವನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿವರವಾಗಿ ಹೇಳಿದೆ. ಬ್ರಿಟಿಷರು ಅದನ್ನು ಕಾನೂನಿನ ಪುಸ್ತಕಕ್ಕೆ ತಂದರು. 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಕಲಂ ತಂತಿ ಸಂದೇಶ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1898ರ ಅಂಚೆ ಕಾಯ್ದೆ ಪತ್ರ ಒಡೆದು ನೋಡುವ ಅಧಿಕಾರ ಕೊಟ್ಟಿತು. ಸ್ವಾತಂತ್ರ್ಯ ಬಂದರೂ ಎರಡೂ ಉಳಿದವು. 1986ರಲ್ಲಿ ಸಂಸತ್ತು ಅಂಚೆ ಕಾಯ್ದೆಗೆ ಇನ್ನಷ್ಟು ವಿಸ್ತಾರವಾದ ತಿದ್ದುಪಡಿ ಮಾಡಿದಾಗ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಮಸೂದೆಯನ್ನು ಹಾಗೆಯೇ ಇಟ್ಟುಕೊಂಡರು.

ದಾವಣಗೆರೆಯ ಹತ್ತಿ ವ್ಯಾಪಾರಿ ಮುಂಬಯಿಯ ಧಾರಣೆ ಕೇಳಲು ಟ್ರಂಕ್ ಕಾಲ್ ಕಾಯ್ದಿರಿಸಿ ಕೂರುತ್ತಿದ್ದ ಕಾಲವೊಂದಿತ್ತು. ನಡುವೆ ಆಪರೇಟರ್ ಇರುತ್ತಿದ್ದರು. ಅವರ ಕಿವಿಗೂ ಮಾತು ಬೀಳಬಹುದೆಂದು ಎರಡೂ ಕಡೆಯವರಿಗೆ ಗೊತ್ತಿರುತ್ತಿತ್ತು. ಕದ್ದಾಲಿಕೆ ಬೇರೆ ಬಗೆಯದು. ದೂರವಾಣಿ ವಿನಿಮಯ ಕೇಂದ್ರದಲ್ಲಿ ಒಂದು ಸಂಖ್ಯೆಯ ತಂತಿಗೆ ಇನ್ನೊಂದು ತಂತಿ ಕೂಡಿಸಿ, ಅದರ ತುದಿಯನ್ನು ಟೇಪ್ ರೆಕಾರ್ಡರಿಗೆ ಕಟ್ಟಿದರೆ ಮಾತನಾಡುವವರಿಗೆ ಸುಳಿವೇ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಆದೇಶದ ಕಾಗದ ಮಾತ್ರ.

ಅಂಥ ಕಾಗದಗಳೇ 1988ರಲ್ಲಿ ರಾಮಕೃಷ್ಣ ಹೆಗಡೆ ಅವರಿಗೆ ಮುಳುವಾದವು. 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿದ್ದ ಹೆಗಡೆ ಮೌಲ್ಯಾಧಾರಿತ ರಾಜಕಾರಣದ ಮಾತಿನಿಂದ ದೇಶದಲ್ಲೇ ಹೆಸರಾಗಿದ್ದವರು. ಅವರ ಆಡಳಿತದಲ್ಲಿ ರಾಜಕಾರಣಿಗಳ ದೂರವಾಣಿಗಳನ್ನು, ಅವರದೇ ಪಕ್ಷದವರ ದೂರವಾಣಿಗಳನ್ನೂ, ಕದ್ದು ಕೇಳಲಾಗಿದೆ ಎಂಬ ಆರೋಪ ಬಂತು. ಸುಬ್ರಮಣಿಯನ್ ಸ್ವಾಮಿ ಅದನ್ನು ದೆಹಲಿಯಲ್ಲಿ ದೊಡ್ಡ ದನಿಯಲ್ಲಿ ಎತ್ತಿದರು. ಆಗಸ್ಟ್‌ನಲ್ಲಿ ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು; ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಹೆಗಡೆ ಮತ್ತೆಂದೂ ಆ ಕುರ್ಚಿಗೆ ಮರಳಲಿಲ್ಲ. ಮೂರು ವರ್ಷ ಕಳೆಯುವುದರೊಳಗೆ, 1991ರ ಮಾರ್ಚ್‌ನಲ್ಲಿ, ರಾಜೀವ್ ಗಾಂಧಿ ಅವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಕಣ್ಗಾವಲಿಗೆ ನಿಂತಿದ್ದರೆಂಬ ಗದ್ದಲದಲ್ಲಿ ಪ್ರಧಾನಿ ಚಂದ್ರಶೇಖರ್ ಕೂಡ ರಾಜೀನಾಮೆ ಕೊಡಬೇಕಾಯಿತು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಎರಡೂ ಪ್ರಕರಣಗಳಲ್ಲಿ ಗುಲ್ಲೆದ್ದದ್ದು ಕಣ್ಗಾವಲಿಗೆ ಒಳಗಾದವರು ಬಲಾಢ್ಯರಾಗಿದ್ದರು ಎಂಬ ಕಾರಣಕ್ಕೆ. ಸಾಮಾನ್ಯನ ಫೋನು ಕೇಳಿದರೆ ಅವನಿಗೆ ತಿಳಿಯುವುದೂ ಇಲ್ಲ, ತಿಳಿದರೂ ಸರ್ಕಾರ ಬೀಳುವುದಿಲ್ಲ.

ನ್ಯಾಯಾಲಯ ಹಾಕಿದ ಬೇಲಿ

ರಾಜಕಾರಣಿಗಳ ಫೋನ್ ಕದ್ದಾಲಿಕೆ ಕುರಿತ ಸಿಬಿಐ ವರದಿಯೊಂದು 1991ರಲ್ಲಿ ಬಯಲಿಗೆ ಬಂದಾಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎಸ್. ಸಗೀರ್ ಅಹಮದ್ ತೀರ್ಪು ಕೊಟ್ಟರು. ಮನೆಯಲ್ಲಿ, ಕಚೇರಿಯಲ್ಲಿ ಫೋನಿನಲ್ಲಿ ಆಡುವ ಮಾತು ಖಾಸಗಿ ಬದುಕಿನ ಭಾಗ. ಕಾನೂನಿನ ಕ್ರಮವಿಲ್ಲದೆ ಅದನ್ನು ಕೇಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದರು.

ಕದ್ದಾಲಿಕೆಯನ್ನು ನ್ಯಾಯಾಲಯ ಪೂರ್ತಿ ನಿಷೇಧಿಸಲಿಲ್ಲ, ಬೇಲಿ ಹಾಕಿತು. ಆದೇಶ ಕೊಡಬೇಕಾದವರು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ತುರ್ತಿದ್ದರೆ ಮಾತ್ರ ಜಂಟಿ ಕಾರ್ಯದರ್ಶಿಗಿಂತ ಕೆಳಗಿನವರಲ್ಲದ ಅಧಿಕಾರಿಗೆ ಅದನ್ನು ವಹಿಸಬಹುದು. ಬೇರೆ ದಾರಿಯಿಂದ ಆ ಮಾಹಿತಿ ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ಆದೇಶದ ಆಯುಷ್ಯ ಎರಡು ತಿಂಗಳು. ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರುವಂತಿಲ್ಲ. ಪರಿಶೀಲನಾ ಸಮಿತಿ ಪ್ರತಿ ಆದೇಶವನ್ನೂ ನೋಡಬೇಕು. 2007ರಲ್ಲಿ ಇವು ಟೆಲಿಗ್ರಾಫ್ ನಿಯಮಗಳಿಗೆ ಸೇರಿದವು. ಹಳೆಯ ಕಾಯ್ದೆಯ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳು ಬಂದವು. ಬೇಲಿಯ ಆಕಾರ ಹೆಚ್ಚುಕಡಿಮೆ ಅದೇ.

ಆದರೆ ಬೇಲಿಯಲ್ಲಿ ಒಂದು ಸಂದಿ ಮೊದಲಿನಿಂದಲೂ ಇದೆ. ರಾಜ್ಯದ ಪರಿಶೀಲನಾ ಸಮಿತಿಯ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ, ಸದಸ್ಯರು ಕಾರ್ಯದರ್ಶಿಗಳು. ಆದೇಶ ಕೊಡುವವರೂ ಅಧಿಕಾರಿ, ಸರಿಯೋ ತಪ್ಪೋ ಎಂದು ತೂಗುವವರೂ ಅಧಿಕಾರಿಗಳು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ಬೇಡಿಕೆಯನ್ನು 1996ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಫೋನು ಕೇಳಿಸಿಕೊಳ್ಳಲಾದವರಿಗೆ ಆಮೇಲಾದರೂ ತಿಳಿಸಬೇಕೆಂಬ ನಿಯಮವೂ ಇಲ್ಲ.

ಬೇಲಿ ಬಂದ ಮೇಲೂ ಕರ್ನಾಟಕದಲ್ಲಿ ಆರೋಪ ನಿಲ್ಲಲಿಲ್ಲ. 2019ರ ಆಗಸ್ಟ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರ, ಹಿಂದಿನ ಮೈತ್ರಿ ಸರ್ಕಾರದ ಕಾಲದ ಕದ್ದಾಲಿಕೆ ಆರೋಪವನ್ನು ಸಿಬಿಐಗೆ ಒಪ್ಪಿಸಿತು. 2021ರ ಜುಲೈನಲ್ಲಿ ಇಸ್ರೇಲಿನ ಪೆಗಾಸಸ್ ತಂತ್ರಾಂಶದ ಸುದ್ದಿ ಸ್ಫೋಟಿಸಿದಾಗ, ಅದೇ ಮೈತ್ರಿ ಸರ್ಕಾರದ ಪ್ರಮುಖರಿಗೆ ಸಂಬಂಧಿಸಿದ ಸಂಖ್ಯೆಗಳು ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವೆಂದು ವರದಿಯಾಯಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯವೇ ತಿಳಿಸಿತು.

86ರ ವಯಸ್ಸಿನ ಅರ್ಜಿದಾರ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಸಂಸತ್ತು ಕಾನೂನು ಮಾಡದೆಯೇ ಕೋಟ್ಯಂತರ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸುವುದು ಹೇಗೆ ಸರಿ ಎಂಬುದು ಅವರ ಪ್ರಶ್ನೆ. ಆಧಾರ್ ಕಾಯ್ದೆ ಬಂದದ್ದು ಆಮೇಲೆ, 2016ರಲ್ಲಿ.

ವಿಚಾರಣೆಯ ನಡುವೆ ಸರ್ಕಾರ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿತು. 1954 ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಅವು ದೊಡ್ಡ ಪೀಠಗಳ ತೀರ್ಪುಗಳಾದ್ದರಿಂದ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕೂರಬೇಕಾಯಿತು. ಮೂಡುಬಿದಿರೆ ಕಡೆಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರಲ್ಲೊಬ್ಬರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಸರ್ಕಾರ ಅದನ್ನು ಮೊಟಕು ಮಾಡಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು. ಇರುವೆ ಓಡಿಸಲು ಒನಕೆ ಎತ್ತುವಂತಿಲ್ಲ ಎಂಬುದು ಮೂರನೆಯದರ ಸಾರ.

2018ರ ಸೆಪ್ಟೆಂಬರ್ 26ರಂದು ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿದ ಐವರ ಪೀಠ, ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ಆಧಾರ್ ಕಡ್ಡಾಯ ಎಂಬುದನ್ನು ತೆಗೆದುಹಾಕಿತು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತಮ್ಮ 98ನೇ ವಯಸ್ಸಿನಲ್ಲಿ ನಿಧನರಾದರು.

ಹ್ಯಾಕರ್ ಎಂದರೆ ಕಳ್ಳನೇ?

ನ್ಯಾಯಾಲಯದ ದಾರಿ ಒಂದಾದರೆ ಕಂಪ್ಯೂಟರ್ ಬಲ್ಲವರು ಹಿಡಿದ ದಾರಿ ಇನ್ನೊಂದು. ಹ್ಯಾಕರ್ ಎಂಬ ಮಾತು ಇಂದು ಬ್ಯಾಂಕ್ ಖಾತೆಗೆ ಕನ್ನ ಹಾಕುವವನಿಗೆ ಅಂಟಿಕೊಂಡಿದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಅದು ಹುಟ್ಟಿದಾಗ ಯಂತ್ರದ ಒಳಹೊಕ್ಕು ಅದರ ಗುಟ್ಟು ಅರಿಯುವ ಜಾಣನಿಗೆ ಹೇಳುವ ಮಾತಾಗಿತ್ತು. ಅಂಥವರಲ್ಲೊಬ್ಬರಾದ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಇ-ಮೇಲ್‌ಗೆ ಬೀಗ ಹಾಕುವ ಪಿಜಿಪಿ ಎಂಬ ತಂತ್ರಾಂಶ ಬರೆದು ಪುಕ್ಕಟೆ ಹಂಚಿದರು. ಅದು ಗಡಿ ದಾಟಿತೆಂದು ಅಮೆರಿಕ ಸರ್ಕಾರ ತನಿಖೆಗೆ ಇಳಿಯಿತು. ಆ ದೇಶದ ರಫ್ತು ನಿಯಮದಲ್ಲಿ ಬಲವಾದ ಗೂಢಲಿಪಿ ಯುದ್ಧ ಸಾಮಗ್ರಿಯ ಸಾಲಿನಲ್ಲಿತ್ತು. 1995ರಲ್ಲಿ ಅದರ ಇಡೀ ಸೂತ್ರ ಪುಸ್ತಕವಾಗಿಯೇ ಅಚ್ಚಾಯಿತು, ಏಕೆಂದರೆ ಪುಸ್ತಕಕ್ಕೆ ಆ ರಫ್ತು ನಿರ್ಬಂಧವಿರಲಿಲ್ಲ. 1996ರ ಜನವರಿಯಲ್ಲಿ ಮೊಕದ್ದಮೆ ಹೂಡದೆಯೇ ತನಿಖೆ ಕೈಬಿಡಲಾಯಿತು.

ಆ ಬೀಗದ ತತ್ವ ಸರಳ. ಪ್ರತಿಯೊಬ್ಬನ ಬಳಿ ಎರಡು ಕೀಲಿ. ಒಂದನ್ನು ಊರಿಗೆಲ್ಲ ಹಂಚಬಹುದು, ಅದರಿಂದ ಪೆಟ್ಟಿಗೆ ಮುಚ್ಚಲು ಮಾತ್ರ ಬರುತ್ತದೆ. ತೆರೆಯುವ ಕೀಲಿ ಒಡೆಯನ ಸೊಂಟದಲ್ಲೇ ಉಳಿಯುತ್ತದೆ. ನಡುವೆ ಪೆಟ್ಟಿಗೆ ಸಾಗಿಸುವವನಿಗೆ ಒಳಗೇನಿದೆ ತಿಳಿಯದು. ಇದೇ ತತ್ವದ ಸುಧಾರಿತ ರೂಪವನ್ನು ವಾಟ್ಸ್‌ಆ್ಯಪ್ 2016ರಲ್ಲಿ ಎಲ್ಲ ಸಂದೇಶಗಳಿಗೂ ಅಳವಡಿಸಿತು. ಆದರೂ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಕಳಿಸಿದರೆಂಬುದು ಲಕೋಟೆಯ ಮೇಲಿನ ವಿಳಾಸದಂತೆ ಸಾಗಿಸುವವನಿಗೆ ಕಾಣುತ್ತದೆ. ಫೋನಿನ ಒಳಗೇ ಕೂರುವ ಪೆಗಾಸಸ್‌ನಂಥ ತಂತ್ರಾಂಶಕ್ಕೆ ಬೀಗ ಒಡೆಯುವ ಅಗತ್ಯವೂ ಇಲ್ಲ. ಪೆಟ್ಟಿಗೆ ತೆರೆದಾಗ ಹೆಗಲ ಮೇಲಿಂದ ಇಣುಕಿದರೆ ಸಾಕು.

ಬೆಂಗಳೂರಿನಲ್ಲೂ ಈ ಕುಲದವರಿದ್ದಾರೆ. 2015ರ ಜೂನ್‌ನಲ್ಲಿ ಅಲ್ಲಿನ ತಂತ್ರಜ್ಞರೊಬ್ಬರು, ಏರ್‌ಟೆಲ್ 3ಜಿ ಜಾಲದಲ್ಲಿ ತಾವು ನೋಡುವ ಪುಟಗಳೊಳಗೆ ತಮಗರಿವಿಲ್ಲದಂತೆ ಬೇರೆ ಸೂತ್ರದ ಸಾಲುಗಳು ಸೇರುತ್ತಿರುವುದನ್ನು ಪತ್ತೆ ಮಾಡಿ ಬಹಿರಂಗಪಡಿಸಿದರು. ಅದರ ಹಿಂದಿದ್ದ ಇಸ್ರೇಲಿನ ಕಂಪನಿ ಅವರಿಗೇ ವಕೀಲರ ನೋಟಿಸ್ ಕಳಿಸಿತು. ಡೇಟಾ ಬಳಕೆ ತಿಳಿಸಲು ನಡೆಸಿದ ಪ್ರಯೋಗ ಅದು ಎಂಬುದು ಏರ್‌ಟೆಲ್‌ನ ಸಮಜಾಯಿಷಿ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಸಂಸ್ಥೆಯ ವರದಿ, ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳು ಬಯಲಲ್ಲಿ ಬಿದ್ದಿವೆ ಎಂದು ಅಂದಾಜಿಸಿತು. ಪಿಂಚಣಿ, ಉದ್ಯೋಗ ಖಾತ್ರಿಯಂಥ ಯೋಜನೆಗಳ ಪಟ್ಟಿಗಳಿಂದಲೇ ಅವು ಹೊರಬಿದ್ದಿದ್ದವು.

ಇನ್ನೊಂದು ಮುಖವೂ ಇದೆ. ಅದೇ ವರ್ಷ ಆಗಸ್ಟ್‌ನಲ್ಲಿ ಆಧಾರ್ ವಿವರ ತೋರಿಸುವ ಆ್ಯಪ್ ಮಾಡಿ, ಅದಕ್ಕೆ ಸರ್ಕಾರಿ ಸರ್ವರನ್ನು ಅನುಮತಿಯಿಲ್ಲದೆ ಬಳಸಿದ ಆರೋಪದ ಮೇಲೆ ಬೆಂಗಳೂರಿನಲ್ಲಿ ತಂತ್ರಜ್ಞರೊಬ್ಬರ ಬಂಧನವಾಯಿತು. ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಕೂಗಿ ಹೇಳುವುದು ಬೇರೆ, ಒಳಹೋಗುವುದು ಬೇರೆ. ಅನುಮತಿಯಿಲ್ಲದೆ ಒಳಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಶಿಕ್ಷೆಯಿದೆ. ಅದೇ ಕಾಯ್ದೆಯ 69ನೇ ಕಲಂ, ಕಂಪ್ಯೂಟರಿನಲ್ಲಿರುವುದನ್ನು ನೋಡುವ, ಬೀಗ ಬಿಚ್ಚಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ.

ಭದ್ರತೆಯ ಮಾತು

ಕಣ್ಗಾವಲು ಬೇಡವೇ ಬೇಡ ಎನ್ನುವುದು ಸುಲಭವಲ್ಲ. ಖಾಸಗಿತನದ ತೀರ್ಪು ಬಂದ ಹನ್ನೆರಡನೇ ದಿನ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಅವರ ಮನೆಯ ಸಿಸಿಟಿವಿಯ ದೃಶ್ಯ, ಅದರಲ್ಲಿ ಕಂಡ ನಡಿಗೆಯ ವಿಶ್ಲೇಷಣೆ ತನಿಖೆಗೆ ನೆರವಾಯಿತು. ಆನ್‌ಲೈನ್ ವಂಚನೆಯಲ್ಲಿ ಜೀವಮಾನದ ಉಳಿತಾಯ ಕಳೆದುಕೊಂಡು ಪೊಲೀಸ್ ಠಾಣೆಗೆ ಬರುವವರಿಗೆ ಫೋನಿನ ದಾಖಲೆಯೇ ಆಸರೆ.

ದಾವಣಗೆರೆ 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲೇ ಇತ್ತು. ಕ್ಯಾಮೆರಾ, ನಿಯಂತ್ರಣ ಕೇಂದ್ರ ಆ ಯೋಜನೆಯ ಭಾಗ. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಹೆಚ್ಚು ಜನ ಸೇರುವ ಅಂಗಡಿ, ಆಸ್ಪತ್ರೆ, ಸಂಸ್ಥೆಗಳೂ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಬೇಕೆನ್ನುತ್ತದೆ. ಇಷ್ಟು ದಿನ ಇಡಬೇಕೆಂದು ಹೇಳುವುದು ಸುಲಭ. ಆ ಬಳಿಕ ಅಳಿಸಿದರೇ, ನಡುವೆ ಯಾರು ನೋಡಿದರು ಎಂದು ಕೇಳುವ ಅಭ್ಯಾಸ ಇನ್ನೂ ಬೆಳೆಯಬೇಕಾಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ಕೇಳುವ ಹಕ್ಕನ್ನು ಕೊಡುತ್ತದೆ: ಏನು ಇಟ್ಟುಕೊಂಡಿದ್ದೀರಿ ಎಂದು ಕಂಪನಿಯನ್ನು ವಿಚಾರಿಸಬಹುದು, ತಪ್ಪಿದ್ದರೆ ತಿದ್ದಿಸಬಹುದು, ಅಳಿಸಿ ಎನ್ನಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿದ್ದು ಹಂತ ಹಂತವಾಗಿ ಜಾರಿಗೆ ಬರಬೇಕು. ಆದರೆ ತನಗೆ ಬೇಕೆನಿಸಿದ ಸರ್ಕಾರಿ ಸಂಸ್ಥೆಗಳಿಗೆ ಕಾಯ್ದೆಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ತನ್ನಲ್ಲೇ ಇಟ್ಟುಕೊಂಡಿದೆ. 1996ರ ಬೇಲಿಯಲ್ಲಿದ್ದ ಸಂದಿ ಇಲ್ಲಿ ಇನ್ನಷ್ಟು ಅಗಲವಾಗಿದೆ.

ಸಾಮಾನ್ಯರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಲಾಡ್ಜಿಗೋ ಜೆರಾಕ್ಸ್ ಅಂಗಡಿಗೋ ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿ ಮರೆಯಾಗಿರುವ ಪ್ರತಿಯನ್ನು ಕೊಡಬಹುದು. ಬೆರಳಚ್ಚಿಗೆ ಆಧಾರ್ ಪ್ರಾಧಿಕಾರದ ತಾಣದಲ್ಲೇ ಬೀಗ ಹಾಕಿಡಬಹುದು. ಟಾರ್ಚ್ ಬೆಳಗಿಸುವ ಆ್ಯಪ್ ಫೋನ್ ಪುಸ್ತಕವನ್ನೇಕೆ ಕೇಳುತ್ತದೆ ಎಂದು ಒಂದು ಕ್ಷಣ ಯೋಚಿಸಿ ಬೇಡ ಎನ್ನಬಹುದು. ಮುಚ್ಚಿಡುವಂಥದ್ದು ಏನೂ ಇಲ್ಲದವರು ಹೆದರಬೇಕಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗೆನ್ನುವವರೂ ರಾತ್ರಿ ಮಲಗುವ ಮುನ್ನ ಮನೆಯ ಕದ ಹಾಕಿ ಅಗಳಿ ಜಡಿಯುತ್ತಾರೆ. ಅವರು ಕಳ್ಳರೆಂದಲ್ಲ, ಅದು ಅವರ ಮನೆ ಎಂದು.