ತವರಿಗೆ ಬಂದ ಬಾಣಂತಿ, ಕೂಸು ಮತ್ತು ತಾಯಿ ಕಾರ್ಡ್

ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಒಳ್ಳೆಯ ಪದ್ಧತಿಯೇ. ಬಾಣಂತಿಗೆ ವಿಶ್ರಾಂತಿ, ಹೊತ್ತು ಹೊತ್ತಿಗೆ ಬಿಸಿ ಊಟ ಸಿಗುತ್ತದೆ. ಆದರೆ ಸರ್ಕಾರದಿಂದ ತಾಯಿ-ಮಗುವಿಗೆ ಸಿಗಬೇಕಾದ ಸೌಲಭ್ಯಗಳು ಕೈತಪ್ಪುವುದೂ ಈ ತಿಂಗಳುಗಳಲ್ಲೇ. ಶಿಕಾರಿಪುರದ ಕಡೆಯ ಹಳ್ಳಿಗೆ ಕೊಟ್ಟ ಮಗಳು ದುರ್ಗಿಗುಡಿಯ ತವರಿಗೆ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿದೆ. ಅಲ್ಲಿನ ಆಶಾ ಕಾರ್ಯಕರ್ತೆ ವಿಚಾರಿಸಿದರೆ “ತವರಿಗೆ ಹೋಗಿದ್ದಾಳೆ” ಎಂಬ ಉತ್ತರ. ಇಲ್ಲಿನ ಆಶಾಗೆ ಈ ಮನೆಯಲ್ಲಿ ಹಸುಗೂಸು ಇರುವುದೇ ತಿಳಿಯದು. ಕೂಸು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಆದ್ದರಿಂದ ಮನೆಗೆ ಹೊರಡುವ ಮುನ್ನ ತಾಯಿ ಕಾರ್ಡ್ ಕೈಯಲ್ಲಿದೆಯೇ ನೋಡಿಕೊಳ್ಳಿ. ಗಂಡನ ಮನೆಯ ಬೀರುವಿನಲ್ಲಿದ್ದರೆ ತರಿಸಿಕೊಳ್ಳಿ. ತವರಿನ ಹತ್ತಿರದ ಅಂಗನವಾಡಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಯಾರಾದರೂ ಹೋಗಿ, ಕಾರ್ಡ್ ತೋರಿಸಿ, ಕೂಸು ಇಲ್ಲಿದೆ ಎಂದು ಬರೆಸಿ ಬನ್ನಿ. ಅರ್ಧ ಗಂಟೆಯ ಕೆಲಸ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಮನೆಗೆ ಬಂದು ಕೂಸನ್ನು ತೂಗಿ, ಮೈಬಿಸಿ ನೋಡಿ, ಬಾಣಂತಿಯನ್ನೂ ವಿಚಾರಿಸಬೇಕು. ಮೊದಲೆರಡು ಭೇಟಿ ಹನ್ನೊಂದು ದಿನದ ಒಳಗೇ ಬೀಳುವುದರಿಂದ ಕೆಲವು ಮನೆಗಳಲ್ಲಿ ಹೊರಗಿನವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಶರಣರು ಜನನಸೂತಕವನ್ನೇ ಒಪ್ಪಲಿಲ್ಲ; ಕೈ ತೊಳೆದುಕೊಂಡು ಬಂದ ಆಶಾ ಕೂಸನ್ನು ಮುಟ್ಟಿದರೆ ಮೈಲಿಗೆ ಎಲ್ಲಿಯದು? ಪೇಟೆ ಬೀದಿಯ ಮನೆಗಳಿಗೆ ಆಶಾ ಬಾರದಿರುವುದೂ ಉಂಟು. ಹಾಗಿದ್ದರೆ ಕೂಸನ್ನು ನೀವೇ ಕರೆತಂದು ತೋರಿಸಿ.

ಈ ದಿನಗಳಲ್ಲಿ ಮನೆಯ ಹಿರಿಯರು ಗಮನಿಸಬೇಕಾದ ಮಾತೊಂದಿದೆ. ಕೂಸು ಮೊಲೆಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಗೆ ಹೋದರೆ, ಫಿಟ್ಸ್ ಬಂದರೆ, ಅಂಗೈ-ಅಂಗಾಲು ಹಳದಿಯಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಕಾಮಾಲೆಯನ್ನು ಬಿಸಿಲಿಗೆ ಹಿಡಿದು ವಾಸಿ ಮಾಡುತ್ತೇವೆಂದು ಕೂರುವುದು ಅಪಾಯ. 108ಕ್ಕೆ ಕರೆ ಮಾಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದಾಗ 30 ದಿನದವರೆಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾಯಿತು. ನಂತರ ಅದನ್ನು ಒಂದು ವರ್ಷದವರೆಗೆ ವಿಸ್ತರಿಸಿದರು. ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಇದರಲ್ಲಿ ಸೇರಿವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗಾಗಲಿ ಹೋಗಲು ಖರ್ಚಿನ ಚಿಂತೆಯಿಂದ ಹಿಂಜರಿಯಬೇಡಿ.

ಇನ್ನು ಲಸಿಕೆ. ಹುಟ್ಟಿದಾಗಿನದು ಆದ ಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕಿಸಬೇಕು. ಮೂರೂ ಬಾಣಂತಿ ತವರಿನಲ್ಲಿರುವಾಗಲೇ ಬರುತ್ತವೆ. “ಊರಿಗೆ ಹೋದ ಮೇಲೆ ಹಾಕಿಸೋಣ” ಎಂದು ಮುಂದೂಡಬೇಡಿ. ಸರ್ಕಾರಿ ಲಸಿಕೆ ಯಾವ ಊರಿನಲ್ಲಾದರೂ ಉಚಿತ. ತಡವಾಗಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಹಾಕಿಸಿದ ದಿನವೇ ಕಾರ್ಡಿನಲ್ಲಿ ಬರೆಸಿ.

ಈ ಬರಹಕ್ಕೂ ಹಣಕ್ಕೂ ಸಂಬಂಧವಿದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ಕುಟುಂಬದ ಮೊದಲ ಮಗುವಿಗೆ 5000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಎರಡನೆಯ ಕಂತು ಬರಬೇಕಾದರೆ ಜನನ ನೋಂದಣಿಯಾಗಿರಬೇಕು, ಮೂರೂವರೆ ತಿಂಗಳವರೆಗಿನ ಲಸಿಕೆ ಮುಗಿದಿರಬೇಕು. 2022ರಿಂದ ಎರಡನೆಯದು ಹೆಣ್ಣು ಮಗುವಾದರೆ 6000 ರೂಪಾಯಿ. ಜನನ ನೋಂದಣಿ 21 ದಿನದೊಳಗೆ ಆಗಲಿ. ಬಿಡುಗಡೆಗೆ ಮೊದಲೇ ಹೆಸರು, ವಿಳಾಸ ತಪ್ಪಿಲ್ಲದೆ ಬರೆಸಿ.

ಬಾಣಂತಿಯ ಊಟಕ್ಕೆ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯನ್ನು ಇಲ್ಲಿನ ಅಂಗನವಾಡಿಯಲ್ಲೂ ಕೇಳಿ. ಆರು ತಿಂಗಳವರೆಗೆ ಕೂಸಿಗೆ ತಾಯಿ ಹಾಲೊಂದೇ ಸಾಕು; ಜೇನುತುಪ್ಪ, ಸಕ್ಕರೆ ನೀರು ಬೇಡ.

ಗಂಡನ ಮನೆಗೆ ಮರಳುವಾಗ ತೊಟ್ಟಿಲಿನ ಸಾಮಾನಿನ ಜೊತೆ ತಾಯಿ ಕಾರ್ಡನ್ನೂ ಕಟ್ಟಿಕೊಡಿ, ಒಂದು ಜೆರಾಕ್ಸ್ ನಿಮ್ಮಲ್ಲಿರಲಿ. ಅಲ್ಲಿನ ಆಶಾಗೆ ಮೊದಲ ವಾರದಲ್ಲೇ ತಿಳಿಸಬೇಕು, ಏಕೆಂದರೆ ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ ಇದೆ. ಕಾರ್ಡ್ ಕಳೆದಿದ್ದರೆ ಅಥವಾ ಓದಲು ತಿಳಿಯದಿದ್ದರೆ ವಾರ್ಡಿನ ಸಿಸ್ಟರ್ ಅವರನ್ನು ಕೇಳಿ.